ಚಕ್ಕುಬಂದಿ ಇಲ್ಲದ ಕ್ರಯಪತ್ರ: ಅಮೆರಿಕ ಲೂಸಿಯಾನ ಕೊಂಡ ಕಥೆ

(ನಮ್ಮೂರ ಗ್ರಂಥಾಲಯದಲ್ಲಿ ಒಂದು ಶನಿವಾರ ಸಂಜೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಕೊನೆಗೆ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಇತಿಹಾಸ ಹೇಳಿಕೊಡುವ ಮೇಷ್ಟ್ರಲ್ಲ. ಇಪ್ಪತ್ತಾರು ವರ್ಷ ತಾಲ್ಲೂಕು ಕಚೇರಿ ಪಕ್ಕ ಕೂತು ಪತ್ರ ಬರೆದವನು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಎಲ್ಲ ಬರೆದಿದ್ದೇನೆ. ಹಾಗಾಗಿ ಜಮೀನಿನ ಕಾಗದ ಯಾವುದೇ ಕೈಗೆ ಬಂದರೂ ನನ್ನ ಕಣ್ಣು ತಾನಾಗಿ ಕೆಲವು ಜಾಗಕ್ಕೆ ಹೋಗುತ್ತದೆ. ಮಾರುವವನಿಗೆ ಈ ಜಮೀನು ಹೇಗೆ ಬಂತು? ನಾಲ್ಕು ದಿಕ್ಕಿಗೆ ಏನೇನಿದೆ? ದುಡ್ಡು ಎಷ್ಟು, ಯಾರ ಕೈಯಿಂದ ಯಾರ ಕೈಗೆ ಹೋಯಿತು? ಈಗ ಅದರಲ್ಲಿ ಉಳುತ್ತಿರುವವರು ಯಾರು?

ಹೋದ ವರ್ಷ ಮಗಳ ಮನೆಗೆ ಅಂತ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋಗಿದ್ದೆ. ಮಿಸಿಸಿಪ್ಪಿ ನದಿಯ ದಂಡೆಯ ಮೇಲಿರುವ ಊರು. ಅಲ್ಲಿ 630 ಅಡಿ ಎತ್ತರದ ಒಂದು ಉಕ್ಕಿನ ಕಮಾನು ಇದೆ, ಅಮೆರಿಕ ಪಶ್ಚಿಮದ ಕಡೆ ಬೆಳೆದುಕೊಂಡು ಹೋದದ್ದರ ನೆನಪಿಗೆ ಕಟ್ಟಿದ್ದು. ಅದನ್ನು ನೋಡಿಕೊಂಡು ಬರುವಾಗ ಮಗಳು ಆ ಊರಿನ ಒಂದು ಸಂಗತಿ ಹೇಳಿದಳು. 1804ರ ಮಾರ್ಚ್ 9ರಂದು ಅಲ್ಲಿ ಸ್ಪೇನಿನ ಬಾವುಟ ಇಳಿಯಿತು, ಫ್ರಾನ್ಸಿನ ಬಾವುಟ ಏರಿತು. ಮಾರನೇ ದಿನ ಅದೂ ಇಳಿದು ಅಮೆರಿಕದ ಬಾವುಟ ಏರಿತು. ಎರಡು ದಿನದಲ್ಲಿ ಒಂದು ಊರಿಗೆ ಮೂರು ಒಡೆಯರು! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತು, 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಲೂಸಿಯಾನ ಎಂಬ ಆ ನೆಲವನ್ನು ಕೊಂಡ ವ್ಯವಹಾರದ ಒಪ್ಪಂದವನ್ನೇ ಹುಡುಕಿ ಓದಿದೆ. ಹತ್ತು ಕಲಮುಗಳ ಕಾಗದ. ನನ್ನ ಕೆಲಸದ ಕಣ್ಣಿಗೆ ಅದು ಕ್ರಯಪತ್ರದ ಹಾಗೇ ಕಂಡಿತು. ಅವತ್ತಿನಿಂದ ಇವತ್ತಿನವರೆಗೆ ಅದರ ಬೆನ್ನು ಹತ್ತಿದ್ದೇನೆ. ಆ ಪತ್ರವನ್ನು ನಿಮ್ಮ ಜೊತೆ ಕೂತು ಇನ್ನೊಂದು ಸಲ ಓದೋಣ ಅಂತಲೇ ಬಂದೆ.

ಮೊದಲು ಅಳತೆ ಹೇಳಿಬಿಡುತ್ತೇನೆ. ಜಮೀನು ಸುಮಾರು 8 ಲಕ್ಷ 28 ಸಾವಿರ ಚದರ ಮೈಲಿ. ನಮ್ಮ ಕರ್ನಾಟಕದಂಥ ಹನ್ನೊಂದು ರಾಜ್ಯಗಳನ್ನು ಅದರೊಳಗೆ ಇಡಬಹುದು. ಮಿಸಿಸಿಪ್ಪಿ ನದಿಯಿಂದ ರಾಕಿ ಪರ್ವತಗಳವರೆಗೆ ಹರಡಿದ ಬಯಲು ಅದು. ಇವತ್ತಿನ ಲೆಕ್ಕದಲ್ಲಿ ಅಮೆರಿಕದ 15 ರಾಜ್ಯಗಳು ಪೂರ್ತಿಯಾಗಿಯೋ ಭಾಗವಾಗಿಯೋ ಅದರಿಂದ ಹುಟ್ಟಿವೆ. ಕೊಂಡ ದೇಶಕ್ಕೆ ಆಗ ವಯಸ್ಸು ಇಪ್ಪತ್ತೇಳು. 53 ಲಕ್ಷ ಜನ. ಒಂದೇ ಸಹಿಯಲ್ಲಿ ಆ ದೇಶ ಹೆಚ್ಚು ಕಡಿಮೆ ಎರಡರಷ್ಟು ದೊಡ್ಡದಾಯಿತು. ಬೆಲೆ ಒಂದೂವರೆ ಕೋಟಿ ಡಾಲರ್. ಎಕರೆಗೆ ಲೆಕ್ಕ ಹಾಕಿದರೆ ಸುಮಾರು ಮೂರು ಸೆಂಟು. ಜಗತ್ತಿನ ಅತಿ ಅಗ್ಗದ ವ್ಯಾಪಾರ ಅಂತ ಎಲ್ಲರೂ ಇದನ್ನೇ ಹೇಳುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಆದರೆ ಅಮೆರಿಕದವರು ಇಷ್ಟು ದೊಡ್ಡ ಜಮೀನು ಕೇಳಲು ಹೋಗಿರಲೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ದಾರಿ.

ಹಳ್ಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಲ ನಮ್ಮದು, ಬಂಡಿದಾರಿ ಪಕ್ಕದವನ ಜಮೀನಿನಲ್ಲಿ. ಅವನು ಒಳ್ಳೆಯವನಾಗಿರುವವರೆಗೆ ಚಿಂತೆಯಿಲ್ಲ. ಒಂದು ದಿನ ಅವನು ಮುಳ್ಳು ಬಡಿದರೆ ನಮ್ಮ ಬೆಳೆ ಹೊಲದಲ್ಲೇ ಕೊಳೆಯುತ್ತದೆ. ಕೆಂಟಕಿ, ಟೆನ್ನೆಸ್ಸಿ, ಒಹಾಯೊ ಕಡೆಯ ರೈತರ ಗತಿ ಹಾಗೇ ಇತ್ತು. ಪೂರ್ವದ ಕರಾವಳಿಗೆ ಹೋಗಬೇಕೆಂದರೆ ನಡುವೆ ಬೆಟ್ಟದ ಸಾಲು. ಹಿಟ್ಟು, ಹಂದಿಮಾಂಸ, ಹೊಗೆಸೊಪ್ಪು ಎಲ್ಲವನ್ನೂ ಚಪ್ಪಟೆ ತಳದ ದೋಣಿಗಳಲ್ಲಿ ತುಂಬಿ ನದಿಯ ಹರಿವಿನ ಜೊತೆ ಕೆಳಗೆ ಬಿಡುತ್ತಿದ್ದರು. ನದಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು ನ್ಯೂ ಆರ್ಲಿಯನ್ಸ್ ಎಂಬ ಬಂದರು. ಅಲ್ಲಿ ಸರಕು ಇಳಿಸಿ ಹಡಗಿಗೆ ಏರಿಸಬೇಕು. ಹರಿವಿಗೆ ಎದುರಾಗಿ ಆ ದೋಣಿ ವಾಪಸ್ ತರಲು ಆಗುತ್ತಿರಲಿಲ್ಲ, ಅಲ್ಲೇ ಒಡೆದು ಮರ ಮಾರಿ ನಡೆದುಕೊಂಡು ಊರಿಗೆ ಬರುತ್ತಿದ್ದರು. ಆ ಬಂದರು ಸ್ಪೇನಿನ ಕೈಯಲ್ಲಿತ್ತು. 1795ರ ಒಪ್ಪಂದದಲ್ಲಿ ಸರಕು ಇಳಿಸಿ ಇಡುವ ಹಕ್ಕನ್ನು ಸ್ಪೇನ್ ಕೊಟ್ಟಿತ್ತು. 1802ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಪೇನಿನ ಅಧಿಕಾರಿ ಅದನ್ನು ಕಿತ್ತುಕೊಂಡ. ಮುಳ್ಳು ಬಡಿದ ಹಾಗೇ ಆಯಿತು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಹರಡಿತ್ತು. ಸ್ಪೇನ್ ಈ ಇಡೀ ಲೂಸಿಯಾನವನ್ನು 1800ರಲ್ಲೇ ಗುಟ್ಟಾಗಿ ಫ್ರಾನ್ಸಿಗೆ ಬಿಟ್ಟುಕೊಟ್ಟಿದೆ ಅಂತ. ಸ್ಪೇನ್ ಮುದಿಯಾದ ನೆರೆಯವನು, ಹೇಗೋ ಸಹಿಸಬಹುದು. ನೆಪೋಲಿಯನ್ ಪಕ್ಕದ ಮನೆಗೆ ಬರುತ್ತಾನೆ ಅಂದರೆ? ಅಧ್ಯಕ್ಷ ಥಾಮಸ್ ಜೆಫರ್ಸನ್ 1802ರ ಏಪ್ರಿಲಿನಲ್ಲಿ ಪ್ಯಾರಿಸ್‌ನಲ್ಲಿದ್ದ ತನ್ನ ರಾಯಭಾರಿ ರಾಬರ್ಟ್ ಲಿವಿಂಗ್ಸ್ಟನ್‌ಗೆ ಬರೆದ ಪತ್ರದಲ್ಲಿ ಹೇಳಿದ್ದು ಇಷ್ಟು: ಭೂಮಿಯ ಮೇಲೆ ಒಂದು ಜಾಗವಿದೆ, ಅದು ಯಾರ ಕೈಯಲ್ಲಿದ್ದರೂ ಅವರು ನಮಗೆ ಸಹಜವಾಗಿಯೇ ಶತ್ರುಗಳು, ಆ ಜಾಗ ನ್ಯೂ ಆರ್ಲಿಯನ್ಸ್. ಅದನ್ನು ಕೊಂಡುಬಿಡೋಣ ಅಂತ ಲಿವಿಂಗ್ಸ್ಟನ್‌ಗೆ ಹೇಳಿದರು. ಸಹಾಯಕ್ಕೆ ಜೇಮ್ಸ್ ಮನ್ರೋ ಅವರನ್ನೂ ಕಳಿಸಿದರು. ಕೈಯಲ್ಲಿದ್ದ ಅಪ್ಪಣೆ ನ್ಯೂ ಆರ್ಲಿಯನ್ಸ್ ಮತ್ತು ಫ್ಲೋರಿಡಾ ಕಡೆಯ ಕರಾವಳಿಗೆ ಮಾತ್ರ.

ಈಗ ಮಾರುವವನ ಕಡೆ ಬರೋಣ. ನೆಪೋಲಿಯನ್ ಯಾಕೆ ಮಾರಿದ? ಇಂಗ್ಲೆಂಡ್ ಜೊತೆ ಯುದ್ಧಕ್ಕೆ ದುಡ್ಡು ಬೇಕಿತ್ತು ಅಂತ ಶಾಲೆಯಲ್ಲಿ ಓದುತ್ತೇವೆ. ಅದು ನಿಜ. (1799ರ ಜನವರಿಯಲ್ಲಿ ಕೈರೋದಿಂದ ನಮ್ಮ ಟಿಪ್ಪುವಿಗೆ ಪತ್ರ ಬರೆದದ್ದು ಇದೇ ನೆಪೋಲಿಯನ್. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು, ಮೇ 4ಕ್ಕೆ ಶ್ರೀರಂಗಪಟ್ಟಣವೂ ಬಿತ್ತು.) ಆದರೆ ಅದಕ್ಕಿಂತ ದೊಡ್ಡ ಕಾರಣ ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿದೆ. ನಾನು ಇವತ್ತು ಇಲ್ಲಿ ನಿಂತಿರುವುದೇ ಜಾಸ್ತಿ ಆ ದ್ವೀಪದ ಬಗ್ಗೆ ಹೇಳೋದಕ್ಕೆ.

ಆ ದ್ವೀಪದ ಪಶ್ಚಿಮದ ತುಂಡು ಫ್ರಾನ್ಸಿನದು. ಹೆಸರು ಸೇಂಟ್ ಡೊಮಿಂಗ್. ಇವತ್ತಿನ ಹೈಟಿ. ಯುರೋಪ್ ತಿನ್ನುತ್ತಿದ್ದ ಸಕ್ಕರೆಯಲ್ಲಿ ನೂರಕ್ಕೆ ಸುಮಾರು 40 ಭಾಗ ಅಲ್ಲಿಂದ ಬರುತ್ತಿತ್ತು. ಬೆಳೆಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು, ಸುಮಾರು 5 ಲಕ್ಷ ಜನ. ಗಾಣಕ್ಕೆ ಕಬ್ಬು ತಳ್ಳುವಾಗ ಕೈ ಸಿಕ್ಕಿಕೊಂಡರೆ ಕತ್ತರಿಸಲೆಂದು ಪಕ್ಕದಲ್ಲೇ ಮಚ್ಚು ಇಟ್ಟಿರುತ್ತಿದ್ದರು. ಮಂಡ್ಯದ ಕಡೆ ಆಲೆಮನೆ ನೋಡಿದವರಿಗೆ ಗಾಣದ ಬಾಯಿ ಎಂದರೆ ಏನು ಅಂತ ಗೊತ್ತು, ಅಲ್ವಾ? 1791ರಲ್ಲಿ ಆ ಜನ ದಂಗೆ ಎದ್ದರು. ಹೊಲಗಳಿಗೆ ಬೆಂಕಿ ಬಿತ್ತು. ಅವರ ನಡುವಿನಿಂದ ಟೂಸಾಂ ಲೂವರ್ಟೂರ್ ಎಂಬ ನಾಯಕ ಎದ್ದು ಬಂದ. ತಾನೂ ಗುಲಾಮನಾಗಿ ಹುಟ್ಟಿದವನು. ಸ್ಪೇನಿನ ಸೈನ್ಯವನ್ನೂ ಇಂಗ್ಲಿಷರ ಸೈನ್ಯವನ್ನೂ ಎದುರಿಸಿ ನಿಂತ.

ನೆಪೋಲಿಯನ್‌ಗೆ ಆ ದ್ವೀಪ ವಾಪಸ್ ಬೇಕಿತ್ತು, ಗುಲಾಮಗಿರಿಯ ಜೊತೆಗೇ ಬೇಕಿತ್ತು. ಲೂಸಿಯಾನ ಬೇಕಾಗಿದ್ದದ್ದೂ ಅದಕ್ಕೇ. ದ್ವೀಪ ಪೂರ್ತಿ ಕಬ್ಬು ಬೆಳೆಯಲಿ, ಅಲ್ಲಿಗೆ ಬೇಕಾದ ಹಿಟ್ಟು, ಮಾಂಸ, ಮರ ಎಲ್ಲ ಲೂಸಿಯಾನದಿಂದ ಬರಲಿ. ದ್ವೀಪ ಮನೆ, ಲೂಸಿಯಾನ ಹಿತ್ತಲು. ತಂಗಿಯ ಗಂಡ ಲೆಕ್ಲೇರ್‌ನನ್ನು ದೊಡ್ಡ ಸೈನ್ಯದ ಜೊತೆ ಕಳಿಸಿದ. 1802ರ ಜೂನಿನಲ್ಲಿ ಮಾತುಕತೆಗೆ ಅಂತ ಕರೆದು ಟೂಸಾಂನನ್ನು ಬಂಧಿಸಿ ಫ್ರಾನ್ಸಿಗೆ ಸಾಗಿಸಿದರು. ಗುಲಾಮಗಿರಿ ಮತ್ತೆ ಬರುತ್ತಿದೆ ಅನ್ನುವ ಸುದ್ದಿ ಹಬ್ಬಿದ್ದೇ ತಡ, ಜನ ಮತ್ತೆ ತಿರುಗಿಬಿದ್ದರು. ಅದರ ಜೊತೆಗೆ ಹಳದಿ ಜ್ವರ. ಸೈನಿಕರು ಸಾವಿರಗಟ್ಟಲೆ ಸತ್ತರು. ನವೆಂಬರಿನಲ್ಲಿ ಲೆಕ್ಲೇರ್ ಕೂಡ ಅದೇ ಜ್ವರಕ್ಕೆ ಹೋದ. ಲೂಸಿಯಾನಕ್ಕೆ ಹೊರಡಬೇಕಿದ್ದ ಇನ್ನೊಂದು ಪಡೆ ಹಾಲೆಂಡಿನ ಬಂದರಿನಲ್ಲಿ ಹಿಮಗಟ್ಟಿದ ನೀರಿನಲ್ಲಿ ಸಿಕ್ಕಿಕೊಂಡಿತು. ಮನೆಯೇ ಹೋದ ಮೇಲೆ ಹಿತ್ತಲು ಇಟ್ಟುಕೊಂಡು ಏನು ಮಾಡುವುದು?

ಎರಡು ತಾರೀಖು ಹೇಳುತ್ತೇನೆ, ದಯವಿಟ್ಟು ನೆನಪಿಟ್ಟುಕೊಳ್ಳಿ. 1803ರ ಏಪ್ರಿಲ್ 7ರಂದು ಫ್ರಾನ್ಸಿನ ಜುರಾ ಬೆಟ್ಟಗಳ ನಡುವಿನ ಜೂ ಕೋಟೆಯಲ್ಲಿ, ಚಳಿಯಲ್ಲಿ, ಟೂಸಾಂ ಲೂವರ್ಟೂರ್ ಕೈದಿಯಾಗಿ ಸತ್ತ. ನಾಲ್ಕೇ ದಿನ ಕಳೆದು ಏಪ್ರಿಲ್ 11ಕ್ಕೆ ಫ್ರಾನ್ಸಿನ ವಿದೇಶ ಮಂತ್ರಿ ತಾಲೆರಾಂ ಲಿವಿಂಗ್ಸ್ಟನ್‌ರನ್ನು ಕೇಳಿದ, ಇಡೀ ಲೂಸಿಯಾನಕ್ಕೆ ಎಷ್ಟು ಕೊಡುತ್ತೀರಿ ಅಂತ.

ಲಿವಿಂಗ್ಸ್ಟನ್‌ಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆದರೆ ಈ ಮಾತು ಕೇಳಿಸಿತು. ತಿಂಗಳುಗಟ್ಟಲೆ ಒಂದು ಬಂದರಿಗಾಗಿ ಅಲೆದ ಮನುಷ್ಯ. ಮಾರನೇ ದಿನ ಮನ್ರೋ ಪ್ಯಾರಿಸ್ ತಲುಪಿದರು. 13ರ ಸಂಜೆ ಲಿವಿಂಗ್ಸ್ಟನ್ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಹೊರಗೆ ತೋಟದಲ್ಲಿ ಯಾರೋ ಅಡ್ಡಾಡುತ್ತಿರುವುದು ಕಂಡಿತು. ನೋಡಿದರೆ ಫ್ರಾನ್ಸಿನ ಖಜಾನೆ ಮಂತ್ರಿ ಬಾರ್ಬೆ ಮಾರ್ಬ್ವಾ. ಅವತ್ತು ರಾತ್ರಿಯೇ ಮಾತು ಶುರುವಾಯಿತು. ಮಾರ್ಬ್ವಾ ಮೊದಲು ಹೇಳಿದ ಬೆಲೆ 10 ಕೋಟಿ ಫ್ರಾಂಕ್. ನೆಪೋಲಿಯನ್ ತನಗೆ 5 ಕೋಟಿ ಬಂದರೆ ಸಾಕು ಎಂದಿದ್ದ ಅಂತ ಆಮೇಲೆ ಮಾರ್ಬ್ವಾ ಬರೆದುಕೊಂಡಿದ್ದಾನೆ. ನಡುರಾತ್ರಿ ಮನೆಗೆ ಬಂದ ಲಿವಿಂಗ್ಸ್ಟನ್ ಮಲಗಲಿಲ್ಲ, ಕೂತು ಸರ್ಕಾರಕ್ಕೆ ಪತ್ರ ಬರೆದರು. ಕೊನೆಗೆ ಜಮೀನಿಗೆ 6 ಕೋಟಿ ಫ್ರಾಂಕ್. ಅದರ ಜೊತೆಗೆ ಫ್ರಾನ್ಸ್ ಅಮೆರಿಕದ ವರ್ತಕರಿಗೆ ಕೊಡಬೇಕಿದ್ದ ಬಾಕಿ 2 ಕೋಟಿ ಫ್ರಾಂಕನ್ನು ಅಮೆರಿಕವೇ ತನ್ನವರಿಗೆ ತೀರಿಸುವುದು ಅಂತ ತೀರ್ಮಾನವಾಯಿತು. ಒಟ್ಟು 8 ಕೋಟಿ ಫ್ರಾಂಕ್. ನಾನು ಮೊದಲು ಹೇಳಿದ ಒಂದೂವರೆ ಕೋಟಿ ಡಾಲರ್ ಇದೇ. ಒಪ್ಪಂದದ ಮೇಲಿನ ತಾರೀಖು 1803ರ ಏಪ್ರಿಲ್ 30.

ಕೇಳಿ ಬರಲು ಹೇಳಿದ್ದು ಒಂದು ಬಂದರು. ಇವರು ಒಪ್ಪಿ ಬಂದದ್ದು ಅರ್ಧ ಖಂಡ. ಊರಿಗೆ ಕೇಳಿ ಹೇಳುತ್ತೇವೆ ಅನ್ನಲು ಸಮಯವಿರಲಿಲ್ಲ, ಸಮುದ್ರ ದಾಟಿ ಪತ್ರ ಹೋಗಿ ಬರಲು ತಿಂಗಳುಗಳು ಬೇಕು. ಅವರ ಧೈರ್ಯವನ್ನು ನಾನು ಮೆಚ್ಚುತ್ತೇನೆ, ಅದನ್ನು ಬಚ್ಚಿಡುವುದಿಲ್ಲ.

ಈಗ ಪತ್ರ ಓದೋಣ.

ಮಾರುವವನ ಹಕ್ಕು. ಸ್ಪೇನಿನಿಂದ ಪಡೆಯುವಾಗ ಇದನ್ನು ಮೂರನೆಯವರಿಗೆ ಕೊಡುವುದಿಲ್ಲ ಅಂತ ಫ್ರಾನ್ಸ್ ಮಾತು ಕೊಟ್ಟಿತ್ತು. ಸ್ವಾಧೀನವನ್ನೂ ಆಗಿನ್ನೂ ತೆಗೆದುಕೊಂಡಿರಲಿಲ್ಲ. ಅಂದರೆ ಕೈಗೇ ಬಾರದ ಜಮೀನು, ಮಾರಬಾರದು ಅಂತ ಷರತ್ತು ಇರುವ ಜಮೀನು. ಸ್ಪೇನ್ ತಕರಾರು ಎತ್ತಿತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೂ ಹಿಂದಕ್ಕೆ ಹೋಗಿ ಮೂಲಪತ್ರ ಹುಡುಕಿದರೆ ಏನು ಸಿಗುತ್ತದೆ? 1682ರ ಏಪ್ರಿಲ್ 9ರಂದು ಲಾ ಸಾಲ್ ಎಂಬ ಫ್ರೆಂಚ್ ಸಾಹಸಿಗ ಮಿಸಿಸಿಪ್ಪಿ ಸಮುದ್ರ ಸೇರುವ ಜಾಗದಲ್ಲಿ ಒಂದು ಕಂಬ ನೆಟ್ಟ. ಈ ನದಿ, ಇದಕ್ಕೆ ಸೇರುವ ಎಲ್ಲ ನದಿ, ಅವುಗಳ ನೆಲ ಎಲ್ಲವೂ ನಮ್ಮ ದೊರೆ ಹದಿನಾಲ್ಕನೇ ಲೂಯಿಯದು ಅಂತ ಗಟ್ಟಿಯಾಗಿ ಓದಿದ. ದೊರೆಯ ಹೆಸರಿನಿಂದಲೇ ಲೂಸಿಯಾನ. ಮೂಲಪತ್ರ ಅಂದರೆ ಅಷ್ಟೇ. ಒಂದು ಕಂಬ, ಒಂದು ಘೋಷಣೆ. ಆ ನದಿಗಳ ದಂಡೆಯಲ್ಲಿ ನೂರಾರು ವರ್ಷದಿಂದ ಜೋಳ ಬೆಳೆದು ಬದುಕಿದ್ದ ಜನರಲ್ಲಿ ಬಹುಪಾಲು ಮಂದಿಗೆ ಅವತ್ತು ಅಂಥದ್ದೊಂದು ನಡೆಯಿತು ಅಂತಲೂ ಗೊತ್ತಿರಲಿಲ್ಲ.

ಚಕ್ಕುಬಂದಿ. ಇದನ್ನು ಓದಿದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು ಅಂತ ಎಲ್ಲೂ ಇಲ್ಲ. ಸ್ಪೇನಿನ ಕೈಯಲ್ಲಿ ಈಗ ಎಷ್ಟಿದೆಯೋ, ಹಿಂದೆ ಫ್ರಾನ್ಸ್ ಕೈಯಲ್ಲಿದ್ದಾಗ ಎಷ್ಟಿತ್ತೋ ಅಷ್ಟು ಅಂತ ಬರೆದಿದ್ದಾರೆ. ಆ ಎರಡೂ ಒಂದೇ ಅಲ್ಲ. ನಮ್ಮ ಕಚೇರಿಯಲ್ಲಿ ಇಂಥ ಕಾಗದ ಹಿಡಿದುಕೊಂಡು ಹೋದರೆ ನೋಂದಣಿಗೆ ತೆಗೆದುಕೊಳ್ಳುವುದಿಲ್ಲ. ಗಡಿ ಸ್ಪಷ್ಟವಿಲ್ಲ ಎಂದು ಹೇಳಿದಾಗ ನೆಪೋಲಿಯನ್, ಅಸ್ಪಷ್ಟತೆ ಇಲ್ಲದಿದ್ದರೆ ನಾವೇ ಸ್ವಲ್ಪ ಸೇರಿಸುವುದು ಒಳ್ಳೆಯದಿತ್ತೇನೋ ಎಂದನಂತೆ, ಇದೂ ಮಾರ್ಬ್ವಾ ಬರೆದದ್ದೇ. ಲಿವಿಂಗ್ಸ್ಟನ್ ತಾಲೆರಾಂ ಬಳಿ ಹೋಗಿ ಕೇಳಿದರೆ, ನೀವು ಒಳ್ಳೆಯ ವ್ಯಾಪಾರ ಮಾಡಿಕೊಂಡಿದ್ದೀರಿ, ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತೀರಿ ಅಂದುಕೊಂಡಿದ್ದೇನೆ ಅನ್ನುವ ಉತ್ತರ. ಉತ್ತರದ ಗಡಿ ತೀರ್ಮಾನವಾಗಲು 1818 ಬೇಕಾಯಿತು, ದಕ್ಷಿಣ ಮತ್ತು ಪಶ್ಚಿಮದ್ದು 1819ಕ್ಕೆ. ಹದಿನೈದು ಹದಿನಾರು ವರ್ಷ ಹದ್ದುಬಸ್ತಿನ ಜಗಳ!

ದುಡ್ಡು. ಆಗ ಅಮೆರಿಕದ ಸರ್ಕಾರದ ಒಂದು ವರ್ಷದ ಒಟ್ಟು ಆದಾಯ ಒಂದು ಕೋಟಿ ಡಾಲರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಹಾಗಾಗಿ ಸಾಲ. ನೂರಕ್ಕೆ ಆರು ಬಡ್ಡಿಯ ಸಾಲಪತ್ರಗಳನ್ನು ಬರೆದುಕೊಟ್ಟರು. ಅವನ್ನು ಕೊಂಡು ನೆಪೋಲಿಯನ್‌ಗೆ ನಗದು ಕೊಟ್ಟವರು ಆಮ್‌ಸ್ಟರ್‌ಡಾಮಿನ ಹೋಪ್ ಕಂಪನಿ ಮತ್ತು ಲಂಡನ್ನಿನ ಬೇರಿಂಗ್ ಮನೆತನದ ಬ್ಯಾಂಕು. ಆ ಮೇ ತಿಂಗಳಲ್ಲೇ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಮತ್ತೆ ಯುದ್ಧ ಶುರುವಾಯಿತು. ಲಂಡನ್ನಿನ ಬ್ಯಾಂಕಿನ ದುಡ್ಡು ಲಂಡನ್ನಿನ ಶತ್ರುವಿನ ಖಜಾನೆಗೆ ಹೋಗುತ್ತಿತ್ತು! ಆ ಬ್ಯಾಂಕಿನ ಹಿರಿಯ ಫ್ರಾನ್ಸಿಸ್ ಬೇರಿಂಗ್ ಹಿಂದೆ ನಮ್ಮನ್ನು ಆಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಅಧ್ಯಕ್ಷನೂ ಆಗಿದ್ದವನು. ಹೀಗೆ ಹುಡುಕುತ್ತಾ ಹೋದರೆ ಆ ಕಾಲದ ಎಲ್ಲ ದಾರಗಳೂ ಕೆಲವೇ ಮನೆಗಳ ಬಾಗಿಲಿಗೆ ಹೋಗಿ ಸೇರುತ್ತವೆ.

ಜೆಫರ್ಸನ್‌ಗೆ ಒಂದು ಅಳುಕಿತ್ತು. ಹೊಸ ಜಮೀನು ಕೊಳ್ಳುವ ಅಧಿಕಾರ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಬರೆಯದೇ ಇರುವ ಅಧಿಕಾರವನ್ನು ಸರ್ಕಾರ ಚಲಾಯಿಸಬಾರದು ಅಂತ ಜೀವನವಿಡೀ ವಾದ ಮಾಡಿದವರು ಅವರೇ. ತಿದ್ದುಪಡಿಯ ಕರಡು ಬರೆದರು. ಅಷ್ಟರಲ್ಲಿ ನೆಪೋಲಿಯನ್ ಮನಸ್ಸು ಬದಲಾಯಿಸಬಹುದು ಅಂತ ಪ್ಯಾರಿಸ್‌ನಿಂದ ಸುದ್ದಿ ಬಂತು. ಕರಡು ಪಕ್ಕಕ್ಕೆ ಹೋಯಿತು. ಅಕ್ಟೋಬರ್ 20ಕ್ಕೆ ಸೆನೆಟ್ 24ಕ್ಕೆ 7 ಮತಗಳಿಂದ ಒಪ್ಪಿತು.

ಸ್ವಾಧೀನ ಕೊಟ್ಟದ್ದು ನ್ಯೂ ಆರ್ಲಿಯನ್ಸ್‌ನಲ್ಲಿ. ನವೆಂಬರ್ 30ಕ್ಕೆ ಸ್ಪೇನ್ ಫ್ರಾನ್ಸಿಗೆ ಕೊಟ್ಟಿತು. ಇಪ್ಪತ್ತು ದಿನ ಬಿಟ್ಟು, ಡಿಸೆಂಬರ್ 20ಕ್ಕೆ ಲೋಸಾ ಎಂಬ ಫ್ರಾನ್ಸಿನ ಅಧಿಕಾರಿ ಕಬಿಲ್ಡೊ ಎಂಬ ಕಟ್ಟಡದಲ್ಲಿ ಊರಿನ ಬೀಗದ ಕೈಗಳನ್ನು ಅಮೆರಿಕದ ಕ್ಲೇಬೋರ್ನ್ ಕೈಗೆ ಇಟ್ಟ. ಕಟ್ಟಡ ಈಗಲೂ ಇದೆ. ಎದುರಿನ ಮೈದಾನದಲ್ಲಿ ಒಂದು ಬಾವುಟ ಇಳಿಯುತ್ತಾ, ಇನ್ನೊಂದು ಏರುತ್ತಾ, ಎರಡೂ ಕಂಬದ ನಡುವೆ ಒಂದು ಕ್ಷಣ ನಿಂತವು.

ಈಗ ನಾನು ಮೊದಲು ಹೇಳಿದ ಕೊನೆಯ ಪ್ರಶ್ನೆ. ಉಳುತ್ತಿದ್ದವರು ಯಾರು?

ಇದಕ್ಕೆ ಮುಂಚೆ ನನ್ನ ಅನುಭವ ಒಂದು ಹೇಳಬೇಕು. ತುಂಬಾ ವರ್ಷಗಳ ಹಿಂದೆ, ಕಾರ್ತಿಕದಲ್ಲಿ, ನಾಲ್ಕು ಎಕರೆಗೆ ಒಂದು ಕ್ರಯಪತ್ರ ಬರೆದೆ. ಮಾರುವವನೂ ಕೊಳ್ಳುವವನೂ ಇಬ್ಬರೂ ಪೇಟೆಯವರು. ಪಹಣಿಯ 9ನೇ ಕಾಲಂನಲ್ಲಿ ಹೆಸರು ಸರಿಯಾಗಿತ್ತು. 12ನೇ ಕಾಲಂನಲ್ಲಿ, ಸಾಗುವಳಿ ಮಾಡುವವರ ಜಾಗದಲ್ಲಿ, ಬೇರೆ ಹೆಸರಿರಲಿಲ್ಲ. ಕಾಗದ ಎಲ್ಲ ಸರಿಯಾಗಿತ್ತು, ಬರೆದುಕೊಟ್ಟೆ. ಹೊರಗೆ ಬಂದಾಗ ಹೊಂಗೆಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ಮಾವನ ಕಾಲದಿಂದ ಆ ನಾಲ್ಕು ಎಕರೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ಮಾಡುತ್ತಿದ್ದ ಮನೆಯವಳು. ನನ್ನನ್ನು ನೋಡಿ ಎದ್ದು ನಿಂತು ಕೇಳಿದಳು: "ಸ್ವಾಮಿ, ರಾಗಿ ತೆನೆ ಬಲಿತೈತೆ. ಕುಯ್ಕೊಬೋದಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬರೆದ ಎಂಟು ಪುಟದಲ್ಲಿ ಅವಳು ಎಲ್ಲೂ ಇರಲಿಲ್ಲ. ಲೂಸಿಯಾನದ ಪತ್ರ ಓದುವಾಗ ಅವಳ ಮುಖ ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ.

ಲೂಸಿಯಾನದ ಪತ್ರದಲ್ಲಿ ಅಲ್ಲಿನ ಮೂಲ ಜನಕ್ಕೆ ಒಂದು ಕಲಮು ಇದೆ, ಆರನೆಯದು. ಸ್ಪೇನ್ ಆ ಬುಡಕಟ್ಟುಗಳ ಜೊತೆ ಮಾಡಿಕೊಂಡ ಒಪ್ಪಂದಗಳನ್ನು, ಬೇರೆ ಒಪ್ಪಂದ ಆಗುವವರೆಗೆ ಅಮೆರಿಕ ಪಾಲಿಸುತ್ತದೆ ಅಂತ. ಅಂದರೆ ನೆಲ ಇನ್ನೂ ಓಸೇಜ್, ಲಕೋಟ, ಪಾನಿ, ಮ್ಯಾಂಡನ್, ಕ್ಯಾಡೊ ಮುಂತಾದ ಜನರ ಕೈಯಲ್ಲೇ ಇತ್ತು ಅಂತ ಬರೆದವರಿಗೂ ಗೊತ್ತಿತ್ತು. ಹಾಗಾದರೆ ಒಂದೂವರೆ ಕೋಟಿ ಕೊಟ್ಟು ಅಮೆರಿಕ ಕೊಂಡದ್ದು ಏನು? ಆ ಜನರಿಂದ ನೆಲ ಕೊಳ್ಳುವ ಹಕ್ಕು, ಬೇರೆ ಯಾವ ಯುರೋಪಿನ ದೇಶವೂ ಅಡ್ಡ ಬಾರದ ಹಾಗೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಅದು ಬರೀ ಅಗ್ರಿಮೆಂಟು, ಅದನ್ನೂ ಜಮೀನಿನವರ ಜೊತೆ ಮಾಡಿಕೊಂಡಿರಲಿಲ್ಲ. ಮೂರು ಸೆಂಟಿನ ಲೆಕ್ಕ ಇಲ್ಲೇ ಮುರಿದು ಬೀಳುತ್ತದೆ. ಆಮೇಲೆ ನೂರು ವರ್ಷ ಆ ಜನರ ಜೊತೆ ಒಂದೊಂದಾಗಿ ಒಪ್ಪಂದಗಳಾದವು. ಕೆಲವಕ್ಕೆ ದುಡ್ಡು, ಕೆಲವಕ್ಕೆ ಬೆದರಿಕೆ, ಕೆಲವಕ್ಕೆ ಬಂದೂಕು.

ಒಂದು ಉದಾಹರಣೆ ಸಾಕು. 1808ರಲ್ಲಿ ಓಸೇಜ್ ಜನ 5 ಕೋಟಿ ಎಕರೆಗೂ ಜಾಸ್ತಿ ನೆಲ ಬಿಟ್ಟುಕೊಟ್ಟರು. ಇವತ್ತಿನ ಮಿಸ್ಸೌರಿಯ ಬಹುಭಾಗ ಅದು. ಸಿಕ್ಕಿದ್ದು 1,200 ಡಾಲರ್ ನಗದು, ವರ್ಷಕ್ಕೆ 1,500 ಡಾಲರಿನ ಸರಕು. ರುಜು ಹಾಕಿದವರು ಸ್ನೇಹಿತರು, ಹಾಕದವರು ಶತ್ರುಗಳು ಅಂತ ಮುಖಕ್ಕೆ ಮುಖ ಕೊಟ್ಟು ಹೇಳಿ ರುಜು ತೆಗೆದುಕೊಂಡರು. ಜೆಫರ್ಸನ್ 1803ರ ಫೆಬ್ರವರಿಯಲ್ಲೇ, ಲೂಸಿಯಾನ ಕೊಳ್ಳುವ ಮುಂಚೆಯೇ, ತನ್ನ ಒಬ್ಬ ಗವರ್ನರಿಗೆ ಬರೆದ ಪತ್ರವಿದೆ. ಆ ಜನರ ಮುಖಂಡರು ನಮ್ಮ ಅಂಗಡಿಗಳಲ್ಲಿ ಸಾಲ ಮಾಡುವ ಹಾಗೆ ನೋಡಿಕೊಳ್ಳಬೇಕು, ಸಾಲ ತೀರಿಸಲಾಗದೆ ಹೋದಾಗ ನೆಲ ಬಿಡುತ್ತಾರೆ ಅಂತ. ಇದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಯಿತು. ಎಲ್ಲ ಮನುಷ್ಯರೂ ಸಮಾನರು ಅಂತ ಬರೆದದ್ದೂ ಅದೇ ಕೈ. ಅಂಗಡಿ ಸಾಲ, ಚಕ್ರಬಡ್ಡಿ, ಕೊನೆಗೆ ಹೊಲ. ನಮ್ಮ ಹಳ್ಳಿಗಳಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೈಟಿ. 1803ರ ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಫ್ರಾನ್ಸಿನ ಸೈನ್ಯ ಸೋತಿತು. 1804ರ ಜನವರಿ 1ರಂದು, ಟೂಸಾಂ ನಂತರ ಮುಂದಾಳಾದ ಡೆಸಲೀನ್ ಸ್ವಾತಂತ್ರ್ಯ ಸಾರಿದ. ಗುಲಾಮರೇ ಹೋರಾಡಿ ಕಟ್ಟಿದ ದೇಶ. ಅವರು ಗೆಲ್ಲದೆ ಹೋಗಿದ್ದರೆ ನೆಪೋಲಿಯನ್ ಲೂಸಿಯಾನ ಮಾರುತ್ತಿರಲಿಲ್ಲ ಅಂತ ನಾನು ಬಲವಾಗಿ ನಂಬುತ್ತೇನೆ. ಅವರಿಗೆ ಏನು ಸಿಕ್ಕಿತು? ಅಮೆರಿಕ ಆ ದೇಶವನ್ನು ಒಂದು ದೇಶ ಅಂತ ಒಪ್ಪಿಕೊಂಡದ್ದು 1862ರಲ್ಲಿ. ಫ್ರಾನ್ಸ್ 1825ರಲ್ಲಿ ಯುದ್ಧದ ಹಡಗುಗಳನ್ನು ಕಳಿಸಿ, ನಮ್ಮ ಆಸ್ತಿ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ, ಆಗ ಒಪ್ಪುತ್ತೇವೆ ಅಂದಿತು. ಆ ನಷ್ಟದ ಲೆಕ್ಕದಲ್ಲಿ ಆ ಜನರ ಮೈಯೂ ಸೇರಿತ್ತು. ಇಡೀ ಲೂಸಿಯಾನಕ್ಕೆ ಫ್ರಾನ್ಸ್ ಒಪ್ಪಿದ್ದು 8 ಕೋಟಿ. ಈ ಪುಟ್ಟ ದ್ವೀಪದ ತುಂಡಿನ ಜನ ತಮ್ಮ ಸ್ವಾತಂತ್ರ್ಯಕ್ಕೆ ಕೊಡಬೇಕಾದದ್ದು ಹೆಚ್ಚು ಕಡಿಮೆ ಅದರ ಎರಡರಷ್ಟು. ಆಮೇಲೆ 9 ಕೋಟಿಗೆ ಇಳಿಸಿದರು. ಅದನ್ನು ತೀರಿಸಲು ಸಾಲ, ಆ ಸಾಲಕ್ಕೆ ಇನ್ನೊಂದು ಸಾಲ. ಕೊನೆಯ ಕಂತು ತೀರಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ.

ಅವರ ಗೆಲುವಿನಿಂದ ಅಮೆರಿಕಕ್ಕೆ ಸಿಕ್ಕಿದ ನೆಲದಲ್ಲಿ ಗುಲಾಮಗಿರಿ ಇನ್ನಷ್ಟು ಬೆಳೆಯಿತು. ಒಪ್ಪಂದದ ಮೂರನೇ ಕಲಮು ಅಲ್ಲಿನ ನಿವಾಸಿಗಳ ಆಸ್ತಿಗೆ ರಕ್ಷಣೆ ಕೊಡುತ್ತದೆ. ಆಸ್ತಿಯಲ್ಲಿ ಮನುಷ್ಯರೂ ಬಂದರು. ನ್ಯೂ ಆರ್ಲಿಯನ್ಸ್ ಮುಂದೆ ಇಡೀ ದೇಶದಲ್ಲೇ ಗುಲಾಮರನ್ನು ಮಾರುವ ಅತಿ ದೊಡ್ಡ ಸಂತೆಯಾಯಿತು. 1811ರಲ್ಲಿ ಆ ಊರಿನ ಮೇಲ್ಭಾಗದ ಕಬ್ಬಿನ ತೋಟಗಳಿಂದ ನೂರಾರು ಗುಲಾಮರು ಎದ್ದು ಊರಿನ ಕಡೆ ನಡೆದರು. ಅವರನ್ನು ಹಿಡಿದು ಕೊಂದು, ಬೇರೆಯವರಿಗೆ ಪಾಠವಾಗಲಿ ಅಂತ ತಲೆಗಳನ್ನು ನದಿಯ ದಂಡೆಯುದ್ದಕ್ಕೂ ಕಂಬಗಳ ಮೇಲೆ ಇಟ್ಟರು. ಲಾ ಸಾಲ್ ನೆಟ್ಟ ಕಂಬವೂ ಅದೇ ನದಿಯ ದಂಡೆಯಲ್ಲಿತ್ತು.

ಇಷ್ಟು ಹೇಳಿ ನಾನು ಕೂತೆ. ಪ್ರಶ್ನೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಕಾಲೇಜು ಓದುವ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಆ ಜನ ಕೋರ್ಟಿಗೆ ಹೋಗಲಿಲ್ವಾ?"

ಹೋದರಮ್ಮ. 1868ರಲ್ಲಿ ಫೋರ್ಟ್ ಲ್ಯಾರಮಿ ಒಪ್ಪಂದವಾಯಿತು. ಬ್ಲ್ಯಾಕ್ ಹಿಲ್ಸ್ ಎಂಬ ಬೆಟ್ಟಗಳು ಲಕೋಟ ಜನರದೇ ಅಂತ ಅಮೆರಿಕ ಬರೆದುಕೊಟ್ಟಿತು. ಅದೂ ಲೂಸಿಯಾನದ ನೆಲವೇ. ಅವರ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ರುಜು ಹಾಕದೆ ಆ ನೆಲ ಬಿಡಿಸಿಕೊಳ್ಳುವಂತಿಲ್ಲ ಅನ್ನುವ ಷರತ್ತೂ ಇತ್ತು. ಪತ್ರ ಬರೆದವನಾಗಿ ಹೇಳುತ್ತೇನೆ, ಒಳ್ಳೆಯ ಷರತ್ತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಕಾನೂನು ಮಾಡಿ ಬೆಟ್ಟ ತೆಗೆದುಕೊಂಡರು. ರುಜು ಹಾಕಿದ್ದವರು ಹತ್ತರಲ್ಲಿ ಒಬ್ಬರಷ್ಟು ಮಾತ್ರ. ಬಹಳ ವರ್ಷ ಕೇಸು ನಡೆಯಿತು. 1980ರಲ್ಲಿ ಸುಪ್ರೀಂ ಕೋರ್ಟ್ ಲಕೋಟರ ಕಡೆ ತೀರ್ಪು ಕೊಟ್ಟಿತು. ಬೆಟ್ಟಕ್ಕೆ 1877ರ ಬೆಲೆಯಲ್ಲಿ 1 ಕೋಟಿ 71 ಲಕ್ಷ ಡಾಲರ್, ಜೊತೆಗೆ ನೂರು ವರ್ಷದ ಬಡ್ಡಿ. ಇಡೀ ಲೂಸಿಯಾನಕ್ಕೆ ಕೊಟ್ಟದ್ದು ಒಂದೂವರೆ ಕೋಟಿ ಅಂತ ಆಗಲೇ ಹೇಳಿದೆ.

"ಹಾಗಾದ್ರೆ ದುಡ್ಡು ಸಿಕ್ತಲ್ವಾ?" ಅಂದಳು.

ಅವರು ತೆಗೆದುಕೊಳ್ಳಲಿಲ್ಲ. ಬ್ಲ್ಯಾಕ್ ಹಿಲ್ಸ್ ಮಾರಾಟಕ್ಕಿಲ್ಲ ಅಂದರು. ದುಡ್ಡು ಮುಟ್ಟಿದರೆ ಮಾರಿದ ಹಾಗೆ, ಅಲ್ವಾ? ಅಮೆರಿಕದಲ್ಲಿ ತುಂಬಾ ಬಡತನ ಇರುವ ಜಾಗಗಳಲ್ಲಿ ಅವರ ಊರುಗಳೂ ಸೇರಿವೆ. ಸರ್ಕಾರದ ಖಾತೆಯಲ್ಲಿ ಆ ಹಣಕ್ಕೆ ಬಡ್ಡಿ ಸೇರುತ್ತಾ 100 ಕೋಟಿ ಡಾಲರ್ ದಾಟಿ ವರ್ಷಗಳೇ ಆದವು. ಅವರು ಇನ್ನೂ ಮುಟ್ಟಿಲ್ಲ.